ಆಹಾರದ ಒಗರೂ ಮಧುಮೇಹವೂ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಹಿಡುವಳಿದಾರ ಮಹಾಶಯರು ಕಾಫಿ, ಮೆಣಸು, ಏಲಕ್ಕಿ, ಭತ್ತ ಇವುಗಳ ಇಳುವರಿಯನ್ನೂ ಧಾರಣೆಯನ್ನೂ ಕುರಿತು ಇಲಾಖೆಯವರನ್ನು ವಿಚಾರಿಸುವುದುಂಟು. ಈ ಬೆಳೆಗಳು ಉಣ್ಣುವವರ ಶರೀರದಲ್ಲಿ ಏನು ಮಾಡುತ್ತವೆಂದು ವಿಚಾರಿಸುವವರು ವಿರಳ. ಮಧುಮೇಹವು ಪಟ್ಟಣದಲ್ಲಿ ಕುಳಿತುಣ್ಣುವವರ ರೋಗವೆಂಬ ಭಾವನೆಯು ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ 10 ಕೋಟಿಗೆ ಮೇಲ್ಪಟ್ಟ ಜನರಿಗೆ ಈ ರೋಗವಿದೆಯೆಂದೂ, ಇನ್ನು 13 ಕೋಟಿಗೆ ಮೇಲ್ಪಟ್ಟವರು ಅದರ ಹೊಸ್ತಿಲಲ್ಲಿ ನಿಂತಿರುವರೆಂದೂ ಅಂದಾಜು ಮಾಡಿತು. ಹೀಗೆ ಹೊಸ್ತಿಲಲ್ಲಿರುವವರ ಪ್ರಮಾಣವು ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಹೆಚ್ಚುಕಡಮೆ ಒಂದೇ ಆಗಿತ್ತು.

ನಾವು ಉಣ್ಣುವ ಧಾನ್ಯದ ಪಿಷ್ಟವು ಕರುಳಿನ ಜೀರ್ಣರಸಗಳಿಂದ ಸಕ್ಕರೆಯಾಗಿ ಒಡೆದು ರಕ್ತಕ್ಕೆ ಸೇರುತ್ತದೆ. ಇನ್ಸುಲಿನ್ ಎಂಬ ರಸವು ಆ ಸಕ್ಕರೆಯನ್ನು ಅಂಗಾಂಗಗಳೊಳಕ್ಕೆ ಸಾಗಿಸುತ್ತದೆ. ಈ ರಸವು ಸಾಲದೆ ಹೋದಾಗ, ಅಥವಾ ಇದ್ದೂ ಅಂಗಾಂಗಗಳು ಅದಕ್ಕೆ ಓಗೊಡದೆ ಹೋದಾಗ, ಸಕ್ಕರೆಯು ರಕ್ತದಲ್ಲಿಯೇ ನಿಂತು ಕಣ್ಣು, ಮೂತ್ರಪಿಂಡ, ಕಾಲಿನ ನರಗಳನ್ನು ಕೆಡಿಸುತ್ತದೆ. ಆದುದರಿಂದ ಸಕ್ಕರೆಯು ರಕ್ತಕ್ಕೆ ನಿಧಾನವಾಗಿ ಸೇರುವಂಥ ಆಹಾರವು ಹಿತಕರವಾದುದು.

ಸಸ್ಯಗಳು ಕೀಟಗಳಿಂದಲೂ ಬೂಷ್ಟಿನಿಂದಲೂ ತಮ್ಮನ್ನು ಕಾಪಾಡಿಕೊಳ್ಳುವುದಕ್ಕಾಗಿ ಕೆಲವು ಪದಾರ್ಥಗಳನ್ನು ಉತ್ಪತ್ತಿಮಾಡಿಕೊಳ್ಳುತ್ತವೆ. ಇವುಗಳಲ್ಲಿ ಫೀನಾಲ್ ವರ್ಗದವು ಮುಖ್ಯವಾದವು. ನಾಲಗೆಗೆ ಒಗರಾಗಿಯೋ ಕಹಿಯಾಗಿಯೋ ತಿಳಿಯುವುದುಂಟು. ಧಾನ್ಯಗಳಲ್ಲಿ ಇವು ಬಹುಮಟ್ಟಿಗೆ ಇರುವುದು ಕಾಳಿನ ಹೊರಪದರದಲ್ಲಿ. ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ರಾಗಿಯ ಹೊಟ್ಟಿನಿಂದ ಇಂಥ ಸತ್ವಗಳನ್ನು ತೆಗೆದು ಪರೀಕ್ಷಿಸಿ, ಪಿಷ್ಟವನ್ನು ಸಕ್ಕರೆಯಾಗಿಸುವ ಜೀರ್ಣರಸಗಳನ್ನು ಅವು ತಡೆಯುತ್ತವೆಂದು 2009ರಲ್ಲಿ ಪ್ರಕಟಿಸಿದರು. ಇದು ಗಾಜಿನ ನಳಿಗೆಯಲ್ಲಿ ಕಂಡ ಫಲವೇ ಹೊರತು ರೋಗಿಯಲ್ಲಿ ಕಂಡ ಫಲವಲ್ಲ. ಆದಾಗ್ಯೂ ರಾಗಿಯನ್ನು ವಸ್ತ್ರಗಾಳಿತ ಮಾಡಿ ಹೊಟ್ಟನ್ನು ದನಕ್ಕೆ ಹಾಕಿ, ಬಿಳಿಯ ನುಣುಪು ಹಿಟ್ಟನ್ನು ತಾವು ಉಣ್ಣುವವರು ಯಾವುದನ್ನು ಬಿಟ್ಟುಕೊಡುತ್ತಿರುವರೆಂಬುದು ಇದರಿಂದ ವಿಶದವಾಗುತ್ತದೆ. ರಾಗಿಯಾದ ಮಾತ್ರಕ್ಕೆ ಎಷ್ಟು ಉಂಡರೂ ಬಾಧಕವಿಲ್ಲವೆಂದು ತಿಳಿಯಲಾಗದು; ನುಣ್ಣಗೆ ಬೀಸಿದ ಹಿಟ್ಟಿನ ಗಂಜಿಯು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಸೊಪ್ಪು, ಕಾಳಿನ ಸಾರುಗಳೊಡನೆ ಮಿತವಾಗಿ ಉಣ್ಣತಕ್ಕದ್ದು.

ಅಕ್ಕಿಯ ವಿಷಯವೂ ಹಾಗೆಯೇ. ಹಿಂದೆ ಕೊಟ್ಟಣದ ಅಕ್ಕಿಯಲ್ಲಿ ಒಂದಿಷ್ಟು ತೌಡು ಉಳಿಯುತ್ತಿತ್ತು. ಗಿರಣಿಯು ಅದನ್ನು ಪೂರ್ತಿಯಾಗಿ ಕಳೆಯುತ್ತದೆ. ಕೆಂಪಕ್ಕಿಯ ಒಗರಿನ ಸತ್ವಗಳೂ ತೌಡಿನಲ್ಲಿಯೇ ಇರುವುದರಿಂದ, ಮನೆಯ ಖರ್ಚಿಗೂ ತೋಟದ ಆಳುಗಳಿಗೆ ಕೊಡುವುದಕ್ಕೂ ಬೇಕಾದ ಭತ್ತವನ್ನು ಹೆಚ್ಚು ನುಣುಪು ಮಾಡದಂತೆ ಗಿರಣಿಯವನಿಗೆ ತಾಕೀತು ಮಾಡುವುದು ಒಳ್ಳೆಯದು. ತೌಡುಳ್ಳ ಅಕ್ಕಿಯು ಬೇಗ ಮುಗ್ಗುವುದರಿಂದ, ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ಮಾಡಿಸತಕ್ಕದ್ದು.

ಇನ್ನು ನಮ್ಮ ಗುಡ್ಡಗಳ ಮುಖ್ಯ ಬೆಳೆಯಾದ ಕಾಫಿ. ಹಸಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲವೆಂಬ ಫೀನಾಲ್ ಸತ್ವವು ಹೇರಳವಾಗಿದೆ. ಹಾಲೆಂಡಿನಲ್ಲಿ 17,111 ಜನರನ್ನು ಅನೇಕ ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ವರದಿಯ ಮೇರೆಗೆ, ದಿನಕ್ಕೆ ಎರಡು ಬಟ್ಟಲಿಗೆ ಮೀರದೆ ಕುಡಿಯುವವರಿಗಿಂತ ಏಳು ಬಟ್ಟಲಿಗೆ ಕಡಮೆಯಿಲ್ಲದೆ ಕುಡಿಯುವವರಲ್ಲಿ ಮಧುಮೇಹವು ಸುಮಾರು ಅರ್ಧದಷ್ಟೇ ಕಂಡುಬಂದಿತು. ಕೆಫೀನನ್ನು ತೆಗೆದ ಕಾಫಿಯನ್ನು ಕುಡಿದವರಲ್ಲಿಯೂ ರೋಗವು ಕಡಮೆಯಿದ್ದುದನ್ನು ಬೇರೆ ಪರಿಶೀಲನೆಗಳು ತೋರಿಸಿವೆ. ಆದುದರಿಂದ ಗುಣವು ಕೆಫೀನಿನದಲ್ಲ, ಇತರ ಸತ್ವಗಳದೆಂದು ಊಹಿಸುತ್ತಾರೆ. ಹೀಗೆ ಗಮನಿಸಿ ಕಂಡುಕೊಂಡ ಸಂಬಂಧವು ಕಾರಣವನ್ನು ಸಿದ್ಧಪಡಿಸುವುದಿಲ್ಲ. ಕಾಫಿಯನ್ನು ಔಷಧವೆಂದು ಮಾರುವವರನ್ನು ನಂಬತಕ್ಕದ್ದಲ್ಲ.

ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಈ ಆಮ್ಲವು ಹೆಚ್ಚು. ಪೇಟೆಯಲ್ಲಿ ಬೆಲೆ ಕಡಮೆಯೆಂದು ರೋಬಸ್ಟಾವನ್ನು ಮನೆಗಿಟ್ಟುಕೊಳ್ಳುವವರು ಈ ಒಂದು ವಿಷಯದಲ್ಲಿ ನಷ್ಟಪಟ್ಟವರಲ್ಲ! ಆದರೆ ಬೀಜವನ್ನು ಕಪ್ಪಾಗುವಂತೆ ಹುರಿದರೆ ಆಮ್ಲದ ಬಹುಭಾಗವು ನಾಶವಾಗುತ್ತದೆ. ನಸುಗಂದು ಬಣ್ಣಕ್ಕೆ ಇಳಿಸುವುದೇ ಲೇಸು.

ನಮ್ಮಲ್ಲಿ ಕೆಡುಕೆಲ್ಲ ಸಕ್ಕರೆಯದು. ಲೋಟವೊಂದಕ್ಕೆ ಎರಡು ಚಮಚದಂತೆ ದಿನಕ್ಕೆ ಐದು ಲೋಟ ಕುಡಿದರೆ, ಸುಮಾರು 40ರಿಂದ 50 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಇಡೀ ದಿನಕ್ಕೆ ಸುಮಾರು 50 ಗ್ರಾಂ ಮೀರಕೂಡದು. 25 ಗ್ರಾಮಿಗೆ ಇಳಿಸಿದರೆ ಇನ್ನೂ ಉತ್ತಮ. ಬೆಲ್ಲದ ಕಾಫಿಯು ನಿರಪಾಯವೆಂಬ ನಂಬಿಕೆಗೆ ಆಧಾರವಿಲ್ಲ. ಬೆಲ್ಲವೂ ಬಹುಪಾಲು ಸಕ್ಕರೆಯೇ. ತೋಟದ ಆಳುಗಳಿಗೆ ಕಾಫಿ ಕಾಯಿಸಿ ಕೊಡುವ ಧಣಿಗಳು ಸಿಹಿಯನ್ನು ತಿಂಗಳಿಗಿಷ್ಟರಂತೆ ಇಳಿಸುತ್ತ ಬಂದರೆ ಯಾರಿಗೂ ಬೇಸರವಾಗಲಾರದು.

ಹಾಗಲ, ಮೆಂತ್ಯಗಳನ್ನು ಅಡಿಗೆಯಲ್ಲಿ ಧಾರಾಳವಾಗಿ ಬಳಸಬಹುದು. ಆದರೆ ಇವನ್ನು ನೆಚ್ಚಿ ವೈದ್ಯರು ಕೊಟ್ಟ ಮಾತ್ರೆಯನ್ನೋ ಇನ್ಸುಲಿನ್ನನ್ನೋ ನಿಲ್ಲಿಸುವುದು ಪ್ರಾಣಾಪಾಯಕರ. ಗ್ರಾಮದ ಮುಖಂಡರು ಮೂವತ್ತು ವರ್ಷ ದಾಟಿದವರನ್ನೆಲ್ಲ, ವಿಶೇಷವಾಗಿ ಲೈನು ಮನೆಗಳ ಆಳುಗಳನ್ನು, ರಕ್ತಪರೀಕ್ಷೆಗಾಗಿ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು; ಅಲ್ಲಿ ಇದಕ್ಕೆ ಹಣ ಕೊಡಬೇಕಾದುದಿಲ್ಲ. ಔಷಧ ತೆಗೆದುಕೊಳ್ಳುವವನು ಅದರ ಮೇಲೆ ಹಾಗಲದ ರಸವನ್ನೂ ಕುಡಿದು, ಅಥವಾ ಊಟ ತಪ್ಪಿಸಿ ಕೆಲಸಕ್ಕೆ ಹೋಗಿ, ಬೆವರಿ ನಡುಗತೊಡಗಿದರೆ ರಕ್ತದ ಸಕ್ಕರೆ ಮಿತಿಮೀರಿ ಇಳಿದಿರಬಹುದು. ಎಚ್ಚರವಿದ್ದರೆ ಒಡನೆಯೇ ಸಕ್ಕರೆ ಕದಡಿದ ನೀರನ್ನು ಕುಡಿಸತಕ್ಕದ್ದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸತಕ್ಕದ್ದು.