ಪೊಲೀಸ್ ವಿಚಾರಣೆಯಲ್ಲಿ ಮೌನ: ಹಕ್ಕು ಎಲ್ಲಿಯವರೆಗೆ?

ಪೊಲೀಸರು ಕೇಳಿದಾಗ ಬಾಯಿ ಬಿಡದವರೆಲ್ಲ ತಪ್ಪಿತಸ್ಥರು ಎಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಕಾನೂನು ಹಾಗೆ ನೋಡುವುದಿಲ್ಲ. ಆರೋಪ ಹೊತ್ತ ಯಾರನ್ನೂ ತನ್ನ ವಿರುದ್ಧವೇ ಸಾಕ್ಷಿ ನುಡಿಯುವಂತೆ ಬಲವಂತಪಡಿಸಬಾರದು ಎನ್ನುತ್ತದೆ ಸಂವಿಧಾನದ 20(3)ನೇ ವಿಧಿ. ಈ ರಕ್ಷಣೆ ಠಾಣೆಯ ವಿಚಾರಣೆಗೂ ಸಲ್ಲುತ್ತದೆಂದು ನಂದಿನಿ ಸತ್ಪತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ತೀರ್ಪಿತ್ತಿದೆ.

ಈ ಹಕ್ಕನ್ನು ಇನ್ನಷ್ಟು ಗಟ್ಟಿ ಮಾಡಿದ್ದು ನಮ್ಮ ರಾಜ್ಯದಿಂದಲೇ ಹೋದ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣ. ಆಗ ಮಂಪರು ಪರೀಕ್ಷೆಗೆಂದು ಹೊರರಾಜ್ಯಗಳ ಆರೋಪಿಗಳನ್ನೂ ಬೆಂಗಳೂರಿಗೆ ಕರೆತರುತ್ತಿದ್ದರು. ರಕ್ತನಾಳಕ್ಕೆ ಸೋಡಿಯಂ ಪೆಂಟೊಥಾಲ್ ಹರಿಸಿ, ಅರೆಪ್ರಜ್ಞೆಯಲ್ಲಿದ್ದವರನ್ನು ಪ್ರಶ್ನಿಸುತ್ತಿದ್ದರು. ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಪರೀಕ್ಷೆ ಕೂಡದೆಂದು 2010ರ ಮೇ 5ರಂದು ಸುಪ್ರೀಂ ಕೋರ್ಟ್ ಹೇಳಿತು. ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು. ಮದ್ದು ಕೊಟ್ಟು ಮಾತು ಹೊರಡಿಸುವುದು ಹೊಡೆದು ಬಾಯಿ ಬಿಡಿಸುವುದಕ್ಕಿಂತ ಮೇಲೇನಲ್ಲ.

ಆದರೆ ಮೌನದ ಹಕ್ಕು ತನ್ನನ್ನು ಕಾಪಾಡಿಕೊಳ್ಳುವುದಕ್ಕೆ ಮಾತ್ರ. ವಿಜಯನಗರದ ರಸ್ತೆಯೊಂದರಲ್ಲಿ ಸರಗಳ್ಳತನವನ್ನು ಕಣ್ಣಾರೆ ಕಂಡ ಅಂಗಡಿಯವರೊಬ್ಬರನ್ನು ಊಹಿಸಬಹುದು. ಬೈಕಿನ ನಂಬರ್ ಏನು, ಯಾವ ಕಡೆ ಹೋಯಿತು ಎಂದು ತನಿಖಾಧಿಕಾರಿ ಕೇಳಿದರೆ ಗೊತ್ತಿದ್ದನ್ನು ನಿಜವಾಗಿ ಹೇಳಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಂ ಹಾಗೆ ಕಡ್ಡಾಯಪಡಿಸಿದೆ. ಕೋರ್ಟಿಗೆ ಅಲೆಯಬೇಕಾದೀತೆಂಬ ಅಳುಕು ಸಹಜವೇ, ಆದರೆ ಆ ಮೌನದ ನಷ್ಟ ಸರ ಕಳೆದುಕೊಂಡವರದು. ಅದೇ ಅಂಗಡಿಯವರಿಗೆ 'ಕದ್ದ ಸರ ಕೊಂಡಿರಾ?' ಎಂಬ ಪ್ರಶ್ನೆ ಬಂದರೆ, ಉತ್ತರ ತಮ್ಮನ್ನೇ ಆರೋಪಕ್ಕೆ ಗುರಿಮಾಡುವಂತಿದ್ದಲ್ಲಿ, ನಿರಾಕರಿಸಬಹುದು. ಸುಳ್ಳು ಹೇಳುವ ಹಕ್ಕು ಮಾತ್ರ ಯಾರಿಗೂ ಇಲ್ಲ. 'ಈ ಪ್ರಶ್ನೆಗೆ ಉತ್ತರಿಸಲು ಇಷ್ಟವಿಲ್ಲ' ಎಂದು ನೇರವಾಗಿ ಹೇಳುವುದೇ ಪ್ರಾಮಾಣಿಕ ದಾರಿ. ಬೆರಳಚ್ಚು ಕೊಡುವುದು ಈ ರಕ್ಷಣೆಯೊಳಗೆ ಬರುವುದಿಲ್ಲ.

ಸಾಕ್ಷಿಯನ್ನು ಕರೆಯಲು ಲಿಖಿತ ಆದೇಶ ಬೇಕು. ಮಹಿಳೆಯರು, 15 ವರ್ಷದೊಳಗಿನ ಹುಡುಗರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆಯಲ್ಲಿರುವವರು ಠಾಣೆಗೆ ಹೋಗಬೇಕಿಲ್ಲ. ಪೊಲೀಸರೇ ಮನೆಗೆ ಬರಬೇಕು. ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಬೇಕಿಲ್ಲ. ಅವರ ಮುಂದೆ ಮಾಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. ಆದರೆ ಕಸ್ಟಡಿಯಲ್ಲಿದ್ದವರ ಮಾತಿನಿಂದ ಮಾಲು ಸಿಕ್ಕಿದರೆ, ಅದಕ್ಕೆ ನೇರ ಸಂಬಂಧಪಟ್ಟ ಮಾತು ಸಾಕ್ಷ್ಯವಾಗುತ್ತದೆ. ಬಂಧಿತರು ವಿಚಾರಣೆಯ ನಡುವೆ ತಮ್ಮಿಷ್ಟದ ವಕೀಲರನ್ನು ಭೇಟಿಯಾಗಬಹುದು, ಪೂರ್ತಿ ಅವಧಿ ಜೊತೆಗಿಟ್ಟುಕೊಳ್ಳುವ ಹಕ್ಕಿಲ್ಲ. ವಕೀಲರನ್ನಿಡಲು ಶಕ್ತಿಯಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100 ಸಹಾಯವಾಣಿಗೆ ಕರೆ ಮಾಡಬಹುದು.