ಕಟ್ಟಬಾರದ ಹಗ್ಗ

ಕಲಘಟಗಿ ತಾಲೂಕಿನ ಆ ಹುಡುಗ ಹದಿನೆಂಟು ತುಂಬುವವರೆಗೆ ಕಂಡಿದ್ದ ಸಾಗರ ಒಂದೇ: ನೀರಸಾಗರ. ಬೇಡ್ತಿ ಹಳ್ಳಕ್ಕೆ ಅಡ್ಡಕಟ್ಟಿ ಹುಬ್ಬಳ್ಳಿಗೆ ನೀರು ಕೊಟ್ಟ ಕೆರೆ ಅದು. ಬರ ಬಿದ್ದ ವರ್ಷ ಅದರೊಳಗೇ ದನ ಮೇಯುತ್ತವೆ. ಆಂಟಿಗುವಾ, ಬಾರ್ಬಡೋಸ್ ಎಂಬ ದ್ವೀಪಗಳು ಅವನಿಗೆ ಗೊತ್ತಿದ್ದದ್ದು ಕ್ರಿಕೆಟ್ಟಿನಿಂದ. ಅಲ್ಲಿ ವಿದ್ಯಾರ್ಥಿಗಳು ವಾರಗಟ್ಟಲೆ ಹಾಯಿದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾರೆ ಎಂದು ಓದಿದ್ದ. ಪದವಿಗೆಂದು ಕರಾವಳಿಗೆ ಹೋದವನು ಎನ್‌ಸಿಸಿ ನೌಕಾ ದಳ ಸೇರಿ, ಡಿಸೆಂಬರಿನ ಒಂದು ಬೆಳಿಗ್ಗೆ ಕಾರವಾರದಲ್ಲಿ ತಾನೂ ದೋಣಿ ಹತ್ತಿದ.

ಆ ಹುಡುಗ ನಾನೇ. ‘ನಾನು, ನಾನು’ ಎಂದು ಬರೆಯುತ್ತ ಹೋದರೆ ಸಮುದ್ರ ಗೆದ್ದವನ ಬಡಾಯಿ ಅನ್ನಿಸುತ್ತದೆ. ಅದಕ್ಕೇ ಅವನನ್ನು ಒಂದಿಷ್ಟು ದೂರ ನಿಲ್ಲಿಸಿದ್ದೇನೆ.

ದೋಣಿಯ ಜಾತಿ ವೇಲರ್. 27 ಅಡಿ ಉದ್ದ, ಐದು ಹುಟ್ಟು. ಗಾಳಿ ಬಂದರೆ ಹಾಯಿ. ಮೊದಲ ಪಾಠ ಗಂಟು ಹಾಕುವುದು. ಬೋಲೈನ್ ಎಂಬ ಗಂಟು ಉಳಿದವರಿಗೆ ಅರ್ಧ ದಿನ ತಿಂದಿತು, ಅವನಿಗೆ ಅರ್ಧ ನಿಮಿಷ. ಎತ್ತಿನ ಕೊರಳಿಗೆ ಹಾಕುವ ಕುಣಿಕೆ ಎತ್ತು ಎಷ್ಟು ಜಗ್ಗಿದರೂ ಬಿಗಿಯಬಾರದು. ಬೋಲೈನಿನ ಕೆಲಸವೂ ಅದೇ. ಗಾಳಿಯೂ ಅವನಿಗೆ ಹೊಸದಲ್ಲ. ಕಣದಲ್ಲಿ ಭತ್ತ ತೂರುವ ಮೊದಲು ಅಪ್ಪ ಒಂದು ಚಿಟಿಕೆ ಹೊಟ್ಟು ಬಿಟ್ಟು ನೋಡುತ್ತಿದ್ದ. ಇಲ್ಲಿ ಹೊಟ್ಟಿನ ಬದಲು ಹಾಯಿಕಂಬಕ್ಕೆ ಕಟ್ಟಿದ ದಾರದ ತುಂಡು.

ಹುಡುಗ ಉಬ್ಬಿದ. ಉಬ್ಬಿದ್ದೇ ತಪ್ಪಾಯಿತು.

ಎರಡನೆಯ ದಿನ ಮಧ್ಯಾಹ್ನ ಹಾಯಿಯ ಹಗ್ಗ ಹಿಡಿಯುವ ಸರದಿ ಅವನದು. ಹಗ್ಗ ಅಂಗೈ ಸುಡುತ್ತಿತ್ತು. ಊರಿನಲ್ಲಿ ಬಿಗಿದು ಕಟ್ಟದ ಹಗ್ಗವೆಂದರೆ ಸೋಮಾರಿಯ ಗುರುತು. ಮೆಲ್ಲಗೆ ಅದನ್ನು ಕೂರುವ ಹಲಗೆಗೆ ಸುತ್ತಿ, ಎರಡು ಗಂಟು ಬಿಗಿದು, ಕೈ ಊದಿಕೊಂಡ. ಹತ್ತು ನಿಮಿಷ ಸುಖ. ಆಮೇಲೆ ಪಡುವಣದಿಂದ ಒಂದು ಬೀಸು ಬಂತು. ದೋಣಿ ಮಗ್ಗುಲಾಯಿತು, ಅಂಚು ನೀರಿಗಿಳಿಯಿತು, ಕಣಕಾಲು ಮುಳುಗುವಷ್ಟು ಸಮುದ್ರ ಒಳಗೆ ಬಂತು. ಹಗ್ಗ ಕೈಯಲ್ಲಿದ್ದಿದ್ದರೆ ಬಿಟ್ಟರೆ ಸಾಕಿತ್ತು, ಹಾಯಿ ಗಾಳಿ ಚೆಲ್ಲುತ್ತಿತ್ತು, ದೋಣಿ ನೆಟ್ಟಗಾಗುತ್ತಿತ್ತು. ಒದ್ದೆಯಾದ ಗಂಟು ಬಿಚ್ಚಲಿಲ್ಲ. ತರಬೇತುದಾರರು ಚಾಕು ತೆಗೆದು ಹಗ್ಗ ಕೊಯ್ದರು. ಬೈಯಲಿಲ್ಲ, ಬಕೆಟ್ಟು ಕೈಗಿಟ್ಟರು. ಸಣ್ಣ ದೋಣಿಯಲ್ಲಿ ಆ ಹಗ್ಗವನ್ನು ಎಂದೂ ಕಟ್ಟಬಾರದು ಎಂಬ ಮಾತು ಮೊದಲ ದಿನವೇ ಹೇಳಿದ್ದರು. ಅವನು ಆಗ ಬೋಲೈನಿನ ಗರ್ವದಲ್ಲಿದ್ದ.

ಬಕೆಟ್ಟಿನಲ್ಲಿ ನೀರು ಗೋರುವಾಗ ಕೂರ್ಮಗಡ ದ್ವೀಪ ಕಾಣುತ್ತಿತ್ತು. 2019ರ ಜನವರಿ 21ರಂದು ಅಲ್ಲಿಯ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯವರು, ಅಂದರೆ ಅವನಂತೆಯೇ ಬಯಲಿನಿಂದ ಬಂದವರು. ಅಲ್ಲಿಯತನಕ ಸೆಖೆಯೆಂದು ಸಡಿಲ ಬಿಟ್ಟಿದ್ದ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಅವನು ಎಳೆದು ಬಿಗಿದುಕೊಂಡ. ಕಟ್ಟಬೇಕಾದದ್ದು ಇದನ್ನು.

ಅವನು ಓದಿದ್ದ ಆ ದ್ವೀಪಗಳ ಕೆರಿಬಿಯನ್ನಿನಲ್ಲಿ ಮೂಡಣದ ವಾಣಿಜ್ಯ ಮಾರುತ ಚಳಿಗಾಲವಿಡೀ ಹೆಚ್ಚುಕಡಿಮೆ ಒಂದೇ ದಿಕ್ಕಿನಿಂದ ಬೀಸುತ್ತದೆ. ನಮ್ಮ ಕರಾವಳಿಯ ಚಳಿಗಾಲದ ಗಾಳಿ ಬೆಳಿಗ್ಗೆ ನೆಲದಿಂದ, ಮಧ್ಯಾಹ್ನ ಕಡಲಿನಿಂದ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ತೆಂಕಣಕ್ಕೆ ಹೋಗುವಾಗ ಸರಿಹೋಯಿತು. ಮರಳುವಾಗ ವಾಯವ್ಯದ ಗಾಳಿ ಮುಖಕ್ಕೇ. ಹಾಯಿದೋಣಿ ಗಾಳಿಗೆ ನೆಟ್ಟಗೆ ಎದುರಾಗಲಾರದು, ಓರೆಯಾಗಿ ಹೋಗಿ, ಹೊರಳಿ, ಮತ್ತೆ ಓರೆಯಾಗಿ ಹೋಗಬೇಕು. ಕಣ್ಣೆದುರಿನ ಊರಿಗೆ ಮೂರು ತಾಸು! ಎಂಜಿನ್ ಇರುವಾಗ ಇದೆಲ್ಲ ಯಾಕೆ ಎಂಬ ಪ್ರಶ್ನೆ ಅವನಿಗೂ ಬಂದಿತ್ತು. ಆದರೆ ಗೋವೆಯಲ್ಲಿ ಕಟ್ಟಿದ, 1997ರಲ್ಲಿ ನೌಕಾಪಡೆ ಸೇರಿದ ಐಎನ್‌ಎಸ್ ತರಂಗಿಣಿ ಮೂರು ಕಂಬದ ಹಾಯಿಹಡಗು. 2003–04ರಲ್ಲಿ ಭೂಮಿಯನ್ನೇ ಸುತ್ತಿ ಬಂತು. ಕೆಡೆಟ್‌ಗಳು ಇಂದಿಗೂ ಅದರ ಮೇಲೆ ಹಗ್ಗ ಎಳೆದೇ ಕಡಲು ಕಲಿಯುತ್ತಾರೆ.

ಹುಡುಗನ ದೋಣಿಯ ಯಾನದ ತೆಂಕಣ ತುದಿ ಗಂಗಾವಳಿ ಅಳಿವೆ. ಇಳಿತದ ಹೊತ್ತಿಗೆ ಒಳಹೊಕ್ಕು ದೋಣಿ ಮರಳಿಗೆ ಕೂತಿತು. ಉಬ್ಬರ ಬರುವತನಕ ಕಾಯದೆ ಗತಿಯಿಲ್ಲ. ಹುಡುಗ ಮೊಣಕಾಲು ನೀರಿನಲ್ಲಿ ನಿಂತು ಭೂಪಟ ನೆನೆದ. ನವಲಗುಂದದ ಕಡೆಯ ಬೆಣ್ಣಿಹಳ್ಳ ಮಲಪ್ರಭೆ, ಕೃಷ್ಣೆಯ ಜೊತೆಗೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ಜಿಲ್ಲೆಯ ಬೇಡ್ತಿ ಕಲಘಟಗಿ ದಾಟಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂದು ಹೆಸರು ಬದಲಿಸಿ ಇಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ.

ಅವ್ವನಿಗೆ ಫೋನು ಹಚ್ಚಿದ. “ಯವ್ವಾ, ನಮ್ಮ ಹಳ್ಳದ ನೀರಾಗ ನಿಂತೇನಿ ಬೇ.”

“ಹಳ್ಳ ದೀಪಾವಳಿಗೇ ಬತ್ತೇತಿ,” ಅಂದಳು ಅವ್ವ. “ನೀ ಯಾರ ನೀರಾಗ ನಿಂತಿಯೋ ಏನೋ.”