ಬಣ್ಣದವನನ್ನು ಕರೆಯೋ ಮುಂಚೆ ಗೋಡೆ ಮುಟ್ಟಿ ನೋಡು

ಹಳೇ ಮನೆಯನ್ನು ಸ್ವಲ್ಪ ಚೆಂದ ಮಾಡಿಸ್ತೀನಿ ಅಂತ ಹೊರಟಿದ್ದೀಯ. ಸಂತೋಷ ಮಗು. ನಿನ್ನ ವಯಸ್ಸಿನಲ್ಲಿ ಮನೆ ಕಡೆ ಗಮನ ಹೋಗೋದೇ ಅಪರೂಪ. ಆದರೆ ಫೋನಿನ ತುಂಬ ಯಾರ್ಯಾರದೋ ಅಡುಗೆಮನೆ ಫೋಟೋ ಕೂಡಿಟ್ಟಿದ್ದೀಯಲ್ಲ, ನಿನ್ನ ಮನೆ ಟೆರೇಸ್ ಹತ್ತಿ ಎಷ್ಟು ದಿನ ಆಯ್ತು? ಪರದೆಯ ಬಟ್ಟೆ ಆಗಲೇ ಆರಿಸಿಯಾಗಿದೆಯಂತೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂದರೆ ಇದೇ.

ಮೊದಲು ಒಂದು ಮಾತು ನಿನ್ನ ಮನಸ್ಸಿನಲ್ಲಿ ಇತ್ಯರ್ಥ ಆಗಲಿ. ನಿನಗೆ ಬೇಕಿರೋದು ಅಲಂಕಾರವೋ, ಮನೆ ಬಿಚ್ಚಿ ಕಟ್ಟೋದೋ? ಬಣ್ಣ, ದೀಪ, ಪರದೆ, ಬೀರುವಿನ ಬಾಗಿಲು, ಹೊಸ ನಲ್ಲಿ, ಇಷ್ಟಾದರೆ ಅಲಂಕಾರ. ಗೋಡೆ ತೆಗೆಯೋದು, ಬಚ್ಚಲ ಜಾಗ ಬದಲಿಸೋದು, ವೈರು ಪೈಪು ಹೊಸದಾಗಿ ಎಳೆಸೋದು, ಮೇಲೊಂದು ರೂಮು ಎತ್ತಿಸೋದು ಬೇರೆಯೇ ಕೆಲಸ. ಅಲಂಕಾರಕ್ಕೆ ಒಂದೊಂದೇ ಕೋಣೆ ಖಾಲಿ ಮಾಡಿಕೊಂಡು ಮನೆಯಲ್ಲೇ ಇರಬಹುದು. ಬಿಚ್ಚಿ ಕಟ್ಟೋದಾದರೆ ಮನೆ ಬಿಡಬೇಕು, ಆ ತಿಂಗಳುಗಳ ಬಾಡಿಗೆಯನ್ನೂ ಖರ್ಚಿಗೆ ಸೇರಿಸಿಕೋಬೇಕು. ಎರಡೂ ತಪ್ಪಲ್ಲ. ಬಣ್ಣದ ದುಡ್ಡು ಇಟ್ಟುಕೊಂಡು ಶುರು ಮಾಡಿ, ಅರ್ಧ ದಾರಿಯಲ್ಲಿ "ಹೇಗೂ ಕೈ ಹಾಕಿದ್ದೀವಿ, ಈ ಗೋಡೆನೂ ತೆಗೆಸಿಬಿಡೋಣ" ಅನ್ನೋರು ಮಾತ್ರ ಸಾಲದಲ್ಲಿ ಮುಳುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೀನಿ.

ಯಾವುದು ಬೇಕು ಅನ್ನೋದನ್ನು ಮನೆಯೇ ಹೇಳುತ್ತೆ. ಕೇಳೋ ತಾಳ್ಮೆ ಇರಬೇಕು ಅಷ್ಟೆ. ಹಜಾರದ ಗೋಡೆಯಲ್ಲಿ ಬಣ್ಣ ಗುಳ್ಳೆ ಎದ್ದಿದೆ. ನೀನು "ಕೆರೆದು ಪುಟ್ಟಿ ಹಾಕಿಸ್ತೀನಿ" ಅಂತೀಯ. ಆ ಗೋಡೆಯ ಹಿಂದೆ ಏನಿದೆ? ಬಚ್ಚಲು. ಎಷ್ಟು ಪುಟ್ಟಿ ಹಚ್ಚಿದರೂ ಒಂದು ಮಳೆಗಾಲ ಕಳೆಯೋದರೊಳಗೆ ಮತ್ತೆ ಗುಳ್ಳೆ. ಒಂದು ಕೆಲಸ ಮಾಡು. ಒದ್ದೆ ಅನಿಸೋ ಕಡೆ ಒಂದು ಮೊಳ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡು. ಹಾಳೆಯ ಒಳಮೈಯಲ್ಲಿ ನೀರು ಹನಿ ಕಟ್ಟಿದ್ದರೆ ತೇವ ಗೋಡೆಯ ಒಳಗಿನಿಂದಲೇ ಬರ್ತಿದೆ ಅಂತ ಲೆಕ್ಕ. ಬಚ್ಚಲಲ್ಲಿ ಒಂದು ಚೊಂಬು ನೀರು ಚೆಲ್ಲಿ ನೋಡು, ಅದು ಜಾಲರಿ ಕಡೆ ಹರಿಯುತ್ತೋ, ಮೂಲೆಯಲ್ಲಿ ನಿಲ್ಲುತ್ತೋ. ಎಂಟಾಣೆ ನಾಣ್ಯ ಇದ್ದರೆ ಅದರಿಂದ ಒಂದೊಂದೇ ಟೈಲ್ಸ್ ತಟ್ಟು. ಟೊಳ್ಳು ಸದ್ದು ಬಂದ ಕಡೆ ಅಡಿಯಲ್ಲಿ ಗಾರೆ ಬಿಟ್ಟಿದೆ. ಇದಕ್ಕೆಲ್ಲ ಇಂಜಿನಿಯರ್ ಬೇಡ, ಒಂದು ಭಾನುವಾರ ಸಾಕು.

ಬಿರುಕನ್ನೂ ನೋಡು. ಗಾರೆ ಮೇಲಿನ ಕೂದಲೆಳೆಯಂಥ ಬಿರುಕಿಗೆ ಹೆದರಬೇಡ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೆ ಹೋಗಿರೋ, ನಾಣ್ಯ ತೂರೋ ಬಿರುಕಿದ್ದರೆ ಅದರ ಎರಡು ತುದಿಗೂ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೆ. ಹಳೇ ಓವರ್‌ಸಿಯರ್‌ಗಳು ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ತುಂಡು ಅಂಟಿಸ್ತಿದ್ದರು. ಗಾಜು ಒಡೆದರೆ ಗೋಡೆ ಇನ್ನೂ ಅಲ್ಲಾಡ್ತಿದೆ ಅಂತ ಅರ್ಥ. ಅಂಥ ಗೋಡೆಗೆ ಬಣ್ಣ ಬಳಿಸೋದು ದುಡ್ಡನ್ನು ಮೋರಿಗೆ ಸುರಿದಂತೆ.

ಇನ್ನು ನಿನ್ನ ಆ ಓಪನ್ ಕಿಚನ್ ಆಸೆ. 1980ರ ಸುಮಾರಿನಲ್ಲಿ ಮೈಸೂರಿನ ಬಡಾವಣೆಗಳಲ್ಲಿ ಕಟ್ಟಿದ ಎಷ್ಟೋ ಮನೆಗಳಿಗೆ ಪಿಲ್ಲರ್ ಇಲ್ಲ. 9 ಇಂಚಿನ ಇಟ್ಟಿಗೆ ಗೋಡೆಯೇ ಮೇಲಿನ ಮೋಲ್ಡನ್ನು ಹೊತ್ತಿರೋದು. ಅಡುಗೆಮನೆಗೂ ಹಜಾರಕ್ಕೂ ನಡುವಿನ ಗೋಡೆ ನಾಲ್ಕೂವರೆ ಇಂಚಿನದಾದರೆ ಅದು ಬರೀ ಅಡ್ಡಗೋಡೆ ಇರಬಹುದು. ಆದರೂ ಅಳತೆ ಒಂದನ್ನೇ ನಂಬಬೇಡ. 9 ಇಂಚಿನದಾದರೆ ಅದನ್ನು ತೆಗೆಯೋ ಮುಂಚೆ ಸ್ಟ್ರಕ್ಚರಲ್ ಇಂಜಿನಿಯರ್ ಬಂದು, ಮೇಲೇನಿದೆ ಕೆಳಗೇನಿದೆ ನೋಡಿ, ಎಂಥ ಬೀಮ್ ಕೊಡಬೇಕು ಅಂತ ಬರೆದು ಕೊಡಬೇಕು. ಬೀಮ್ ಕೂರೋವರೆಗೂ ಮೋಲ್ಡಿಗೆ ಆಸರೆ ಕೊಟ್ಟಿರಬೇಕು. ಮೇಸ್ತ್ರಿ "ಏನಾಗಲ್ಲ ಬುಡಿ ಸಾರ್, ಎಷ್ಟೋ ತೆಗ್ದಿದೀನಿ" ಅಂತಾನೆ. ಅವನ ಕೈಗುಣದ ಮೇಲೆ ನನಗೆ ಗೌರವ ಇದೆ. ಆದರೆ ಆ ಮೋಲ್ಡಿನ ಕೆಳಗೆ ಮಲಗೋದು ನಿಮ್ಮಮ್ಮ. ಅಪಾರ್ಟ್‌ಮೆಂಟಿನಲ್ಲಿರೋ ನಿನ್ನ ಸ್ನೇಹಿತರಿಗೂ ಹೇಳು: ಕಟ್ಟಡದ ಭದ್ರತೆಗೆ ಧಕ್ಕೆ ಬರೋ ಕೆಲಸವನ್ನು ಫ್ಲ್ಯಾಟಿನವರು ಮಾಡಕೂಡದು ಅಂತ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲೇ ಇದೆ. ನಿನ್ನದು ಸ್ವಂತ ಮನೆಯಾದರೂ ಮೇಲೆ ರೂಮು ಎತ್ತಿಸೋದಾದರೆ ಪಾಲಿಕೆಯಿಂದ ನಕ್ಷೆ ಮಂಜೂರು ಮಾಡಿಸಿಕೊಂಡೇ ಇಟ್ಟಿಗೆ ಇಳಿಸು.

ಅಲಂಕಾರದ ಹೆಸರಲ್ಲಿ ಮೋಸ ಹೋಗೋ ಜಾಗ ಒಂದಿದೆ, ನೆಲ. ಹಳೇ ರೆಡ್ ಆಕ್ಸೈಡ್ ನೆಲದ ಮೇಲೇ ಟೈಲ್ಸ್ ಕೂರಿಸಿದರೆ ಒಡೆಯೋ ಖರ್ಚು ಉಳಿಯುತ್ತೆ ಅಂತ ಹೇಳ್ತಾರೆ. ಉಳಿಯುತ್ತೆ, ಆಮೇಲೆ ನೆಲದ ಮಟ್ಟ ಏರುತ್ತೆ. ಬಾಗಿಲೆಲ್ಲ ತಳಕ್ಕೆ ಉಜ್ಜುತ್ತೆ, ಬಡಗಿ ಬರಬೇಕು. ಬಚ್ಚಲ ಬಾಗಿಲಲ್ಲಿ ಇಲ್ಲದ ಮೆಟ್ಟಿಲು ಹುಟ್ಟುತ್ತೆ. ರಾತ್ರಿ ಎದ್ದು ಹೋಗೋ ವಯಸ್ಸಾದವರು ಎಡವೋದು ಅಲ್ಲೇ. ಆ ಕೆಂಪು ನೆಲ ಬಿರುಕು ಬಿಡದೆ ಇದ್ದರೆ ಪಾಲಿಶ್ ಮಾಡಿಸಿ ಹಾಗೇ ಉಳಿಸಿಕೋ. ಅಂಥ ನೆಲ ಎಳೆಯೋ ಗಾರೆಯವರು ಈಗ ಹುಡುಕಿದರೂ ಸಿಗೋದು ಕಷ್ಟ.

ಬಿಚ್ಚಿ ಕಟ್ಟೋದು ಅಂತಲೇ ತೀರ್ಮಾನ ಆದರೆ ಜಿಪುಣತನ ಬೇಡ, ಕಣ್ಣಿಗೆ ಕಾಣದ ಕೆಲಸವನ್ನು ಮೊದಲು ಮುಗಿಸು. ಹಳೇ ಜಿಐ ಪೈಪು ಒಳಗಡೆ ತುಕ್ಕು ಕಟ್ಟಿ ದಾರಿ ಸಣ್ಣದಾಗಿರುತ್ತೆ, ಅದಕ್ಕೇ ಮೇಲಿನ ಶವರ್‌ನಲ್ಲಿ ನೀರು ಜೋರಾಗಿ ಬರಲ್ಲ. ಆ ಕಾಲದ ವೈರಿಂಗು ನಾಲ್ಕು ಬಲ್ಬು, ಎರಡು ಫ್ಯಾನಿಗೆ ಮಾಡಿದ್ದು. ನೀನು ಅದಕ್ಕೆ ಗೀಸರ್, ಏಸಿ, ಓವನ್ ಎಲ್ಲ ಹೇರ್ತೀಯ. ಗೀಸರಿಗೂ ಏಸಿಗೂ ಬೇರೆ ಬೇರೆ 4 ಚದರ ಮಿಲಿಮೀಟರ್ ತಾಮ್ರದ ವೈರು ಎಳೆಸು. ಅರ್ಥಿಂಗ್ ಸರಿ ಮಾಡಿಸು. 30 ಮಿಲಿ ಆಂಪಿಯರ್‌ಗೆ ಟ್ರಿಪ್ ಆಗೋ ಆರ್‌ಸಿಸಿಬಿ ಹಾಕಿಸು, ಒದ್ದೆ ಕೈಲಿ ಸ್ವಿಚ್ ಮುಟ್ಟಿದರೂ ಜೀವ ಉಳಿಸೋದು ಅದೇ. ಗೋಡೆ ಮುಚ್ಚೋ ಮುಂಚೆ ವೈರು ಪೈಪು ಹೋದ ದಾರಿಯನ್ನೆಲ್ಲ ಫೋಟೋ ತೆಗೆದಿಟ್ಟುಕೋ. ನಿನ್ನ ಫೋನು ಉಪಯೋಗಕ್ಕೆ ಬರೋದು ಆಗಲೇ. ಬಚ್ಚಲು ಹೊಸದು ಮಾಡ್ತಿದ್ದರೆ ಬಾಗಿಲು ಎರಡೂವರೆ ಅಡಿ ಬೇಡ, 3 ಅಡಿ ಇಡಿಸು. ಮುಂದೊಂದು ದಿನ ಗಾಲಿಕುರ್ಚಿ ಒಳಗೆ ಹೋಗಬೇಕಾದರೆ ನನ್ನ ಮಾತು ನೆನಪಾಗುತ್ತೆ.

ಹೊಸ ಗಾರೆಗೆ ಕನಿಷ್ಠ ಒಂದು ವಾರ ಹೊತ್ತು ಹೊತ್ತಿಗೆ ನೀರು ಹಾಕಿಸು. ಬೆಳಿಗ್ಗೆ ಹುಡುಗ ಬಂದು ಎರಡು ಬಕೆಟ್ ಎರಚಿ ಹೋದರೆ ಸಾಲದು. ಬಣ್ಣಕ್ಕೆ ಮುಂಚೆ ಗಾರೆ ಚೆನ್ನಾಗಿ ಒಣಗಬೇಕು, ನಾಲ್ಕು ವಾರ ಬಿಟ್ಟರೆ ಒಳ್ಳೆಯದು. ಗೃಹಪ್ರವೇಶದ ಮುಹೂರ್ತ ಮೊದಲೇ ಇಟ್ಟುಕೊಂಡು ಬಣ್ಣದವನನ್ನು ಓಡಿಸೋ ಬುದ್ಧಿ ಬೇಡ. ಹಳೇ ಬಾಗಿಲು ಕಿಟಕಿಯ ಎನಾಮಲ್ ಬಣ್ಣವನ್ನು ಒಣದಾಗಿ ಉಜ್ಜಿಸಬೇಡ. ನಮ್ಮ ದೇಶದಲ್ಲಿ ಬಣ್ಣದೊಳಗಿನ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಪುಡಿ ಮಕ್ಕಳ ಹೊಟ್ಟೆಗೆ ಹೋಗಕೂಡದು. ಒದ್ದೆ ಮಾಡಿಕೊಂಡೇ ಉಜ್ಜಲಿ, ಮನೆಯ ಮಕ್ಕಳು ಅವತ್ತು ಅಜ್ಜಿ ಮನೆಯಲ್ಲಿರಲಿ.

ದುಡ್ಡಿನ ವಿಷಯದಲ್ಲಿ ನೀನು ನಿಮ್ಮಪ್ಪನ ಹಾಗೇ, ಕೇಳೋಕೆ ಸಂಕೋಚ, ಕೊಡೋಕೆ ಅವಸರ. ಯಾವ ಕೆಲಸ, ಯಾವ ಸಾಮಾನು, ಎಷ್ಟು ದಿನ, ಎಲ್ಲ ಕಾಗದದ ಮೇಲೆ ಬರಲಿ. ಕೆಲಸ ಮುಂದೆ ಸಾಗಿದ ಹಾಗೆ ದುಡ್ಡು ಕೊಡು, ಕೊನೇ ಕಂತನ್ನು ಎಲ್ಲ ನಲ್ಲಿ, ಎಲ್ಲ ಸ್ವಿಚ್ಚು ನೋಡಿದ ಮೇಲೆ ಕೊಡು. ಅಂದಾಜಿನ ಮೇಲೆ ನೂರಕ್ಕೆ ಇಪ್ಪತ್ತರಷ್ಟು ಬದಿಗಿಡು, ಹಳೇ ಗೋಡೆ ಒಡೆದಾಗ ಒಳಗೇನಿದೆ ಅಂತ ಬ್ರಹ್ಮನಿಗೂ ಗೊತ್ತಿರಲ್ಲ. ಕೂಲಿಯವರ ಟೀ ಕಾಸಿನಲ್ಲಿ ಮಾತ್ರ ಚೌಕಾಸಿ ಮಾಡಬೇಡ. ಬಿಸಿಲಲ್ಲಿ ನಿಂತು ನಿನ್ನ ಗೋಡೆ ಎತ್ತೋರು ಅವರು. ಹೆಸರು ಹಿಡಿದು ಮಾತಾಡಿಸಿದರೆ ರಸಮಟ್ಟವನ್ನು ಇನ್ನೊಂದು ಸಲ ಇಟ್ಟು ನೋಡ್ತಾರೆ.

ಈ ಭಾನುವಾರ ಟೆರೇಸ್ ಹತ್ತು, ಚೊಂಬು ಹಿಡಿದು ಬಚ್ಚಲಿಗೆ ಹೋಗು, ಕಂಡದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆ. ಅಡುಗೆಮನೆಯಲ್ಲಿ ಏನು ಬೇಕು, ಕಟ್ಟೆ ಎಷ್ಟು ಎತ್ತರ ಇರಬೇಕು ಅಂತ ನಿನ್ನ ಫೋನಿನ ಫೋಟೋವನ್ನಲ್ಲ, ಅಲ್ಲಿ ನಿಂತು ಅಡುಗೆ ಮಾಡೋರನ್ನು ಕೇಳು. ಆಮೇಲೆ ಮೇಸ್ತ್ರಿಗೆ ಫೋನ್ ಮಾಡು. ಅವನು ಬರೋ ದಿನ ನನಗೂ ಹೇಳು, ನಾನೂ ಬಂದು ಪಕ್ಕದಲ್ಲಿ ಕೂತಿರ್ತೀನಿ.